ಹಸುರು ಹೊನ್ನಿನ ಬೆನ್ನು ಹತ್ತಿದ ಬಿ.ಜಿ.ಎಲ್. ಸ್ವಾಮಿ

ಮಕ್ಕಳೇ, ಲಿಂಗಸುಗೂರು ತಾಲ್ಲೂಕಿನ ಹಟ್ಟಿ ಚಿನ್ನದ ಗಣಿಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ನಿಮ್ಮಲ್ಲಿ ಕೆಲವರ ಮನೆಯವರು ಅಲ್ಲಿ ಕೆಲಸವನ್ನೂ ಮಾಡುತ್ತಿರಬಹುದು. ನೆಲದಾಳದಿಂದ ಒಂದು ಟನ್ ಅದಿರನ್ನು ಮೇಲೆತ್ತಿ, ಒಡೆದು, ಪುಡಿ ಮಾಡಿ, ಸಂಸ್ಕರಿಸಿದರೆ ಕೊನೆಗೆ ಕೈಗೆ ಸಿಗುವ ಚಿನ್ನ ಕೆಲವೇ ಗ್ರಾಂ. ಹೊನ್ನು ಸುಲಭವಾಗಿ ಸಿಗುವುದಿಲ್ಲ. ಹುಡುಕಬೇಕು, ಅಗೆಯಬೇಕು, ಸೋಸಬೇಕು.

ಇನ್ನೊಂದು ಬಗೆಯ ಹೊನ್ನಿದೆ. ಅದರ ಬಣ್ಣ ಹಳದಿಯಲ್ಲ, ಹಸುರು. ಅದು ನೆಲದ ಒಳಗಿಲ್ಲ, ನೆಲದ ಮೇಲೆಯೇ ಇದೆ. ಆದರೂ ಎಲ್ಲರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ಹುಡುಕಲು ಬೆಟ್ಟ ಹತ್ತಬೇಕು, ಮಳೆಯಲ್ಲಿ ನೆನೆಯಬೇಕು, ಜಿಗಣೆಯಿಂದ ಕಚ್ಚಿಸಿಕೊಳ್ಳಬೇಕು, ಸೂಕ್ಷ್ಮದರ್ಶಕದ ಮುಂದೆ ಗಂಟೆಗಟ್ಟಲೆ ಕೂರಬೇಕು. ಹೀಗೆ ಜೀವನವಿಡೀ ಹಸುರು ಹೊನ್ನನ್ನು ಹುಡುಕಿದ ಕನ್ನಡದ ವಿಜ್ಞಾನಿಯೊಬ್ಬರ ಕಥೆಯನ್ನು ಇಂದು ನಿಮಗೆ ಹೇಳುತ್ತೇನೆ. ಅವರೇ ಬಿ.ಜಿ.ಎಲ್. ಸ್ವಾಮಿ.

ಕವಿಯ ಮನೆಯ ಹುಡುಗ

ಸ್ವಾಮಿಯವರ ಪೂರ್ಣ ಹೆಸರು ಬೆಂಗಳೂರು ಗುಂಡಪ್ಪ ಲಕ್ಷ್ಮೀನಾರಾಯಣ ಸ್ವಾಮಿ. ಹುಟ್ಟಿದ್ದು 1918ರ ಫೆಬ್ರವರಿ 5ರಂದು. ತಂದೆ ಯಾರು ಗೊತ್ತೆ? ‘ಮಂಕುತಿಮ್ಮನ ಕಗ್ಗ’ ಬರೆದ ಡಿ.ವಿ. ಗುಂಡಪ್ಪನವರು. ನಿಮ್ಮ ಶಾಲೆಯ ಪ್ರಾರ್ಥನೆಯ ವೇಳೆ ಕಗ್ಗದ ಪದ್ಯಗಳನ್ನು ನೀವು ಓದಿರಬಹುದು. ಅವರನ್ನು ಎಲ್ಲರೂ ಡಿ.ವಿ.ಜಿ. ಎಂದೇ ಕರೆಯುತ್ತಾರೆ. ತಾಯಿ ಭಾಗೀರಥಮ್ಮ. ಸ್ವಾಮಿ ಇನ್ನೂ ಚಿಕ್ಕವರಿರುವಾಗಲೇ ತಾಯಿ ತೀರಿಕೊಂಡರು.

ತಂದೆ ಕವಿ, ಪತ್ರಕರ್ತ, ವಿದ್ವಾಂಸ. ಮನೆಯ ತುಂಬ ಪುಸ್ತಕ. ಇಂಥ ಮನೆಯ ಮಗ ಸಾಹಿತ್ಯವನ್ನೇ ಓದುತ್ತಾನೆ ಎಂದು ಯಾರಾದರೂ ಎಣಿಸುವುದು ಸಹಜ. ಆದರೆ ಸ್ವಾಮಿ ಆಯ್ದುಕೊಂಡದ್ದು ಸಸ್ಯಶಾಸ್ತ್ರವನ್ನು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದರು. ಮುಂದೆ ತಮ್ಮ ಸಂಶೋಧನೆಗಾಗಿ ಮೈಸೂರು ವಿಶ್ವವಿದ್ಯಾನಿಲಯದಿಂದ ಡಿ.ಎಸ್ಸಿ. ಪದವಿ ಪಡೆದರು. ತಂದೆಯಿಂದ ಬಂದ ಭಾಷೆಯ ಪ್ರೀತಿಯನ್ನು ಮಾತ್ರ ಅವರು ಬಿಡಲಿಲ್ಲ. ಅದು ಮುಂದೆ ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ಆಮೇಲೆ ನೋಡೋಣ.

ಮಳೆಕಾಡು ಹೇಗಿರುತ್ತದೆ?

ಸ್ವಾಮಿಯವರ ಕೆಲಸ ತಿಳಿಯಬೇಕಾದರೆ ಮೊದಲು ಮಳೆಕಾಡನ್ನು ತಿಳಿಯಬೇಕು. ಸಿಂಧನೂರು, ಮಸ್ಕಿ, ಲಿಂಗಸುಗೂರಿನ ನಮಗೆ ಕಾಡು ಎಂದರೆ ಕಣ್ಣ ಮುಂದೆ ಬರುವುದು ಜಾಲಿ, ಬೇವು, ಕಲ್ಲುಗುಡ್ಡದ ಮೇಲಿನ ಕುರುಚಲು ಪೊದೆ. ನಮ್ಮ ರಾಯಚೂರು ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸು. ನಮ್ಮದೇ ರಾಜ್ಯದ ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು! ನಮ್ಮಲ್ಲಿ ಹತ್ತು ವರ್ಷ ಸುರಿಯುವಷ್ಟು ಮಳೆ ಅಲ್ಲಿ ಒಂದೇ ವರ್ಷದಲ್ಲಿ ಸುರಿಯುತ್ತದೆ.

ಅಷ್ಟು ಮಳೆ ಬೀಳುವ ಕಡೆ ಬೆಳೆಯುವ ನಿತ್ಯಹರಿದ್ವರ್ಣ ಕಾಡೇ ಮಳೆಕಾಡು. ಅದನ್ನು ಹಲವು ಅಂತಸ್ತಿನ ಮನೆ ಎಂದು ಭಾವಿಸಿ. ಎಲ್ಲಕ್ಕಿಂತ ಮೇಲೆ ಮುಗಿಲಿಗೆ ತಲೆ ಚಾಚಿದ ಹೆಮ್ಮರಗಳು. ಅವುಗಳ ಕೆಳಗೆ ಒಂದಕ್ಕೊಂದು ಹೆಣೆದುಕೊಂಡ ಮರಗಳ ಚಪ್ಪರ. ಅದರ ಕೆಳಗೆ ನೆರಳಿನಲ್ಲೇ ಬದುಕುವ ಸಣ್ಣ ಮರಗಳು, ಪೊದೆಗಳು. ನೆಲದ ಮೇಲೆ ಕೊಳೆಯುವ ಎಲೆ, ಅಣಬೆ, ಜರಿಗಿಡ. ಸಾಲುಧೂಪ, ನಾಗಸಂಪಿಗೆ, ಹೆಬ್ಬಲಸು, ರಾಮಪತ್ರೆ, ಮುರುಗಲ ಇವೆಲ್ಲ ಅಲ್ಲಿನ ಮರಗಳು. ಕಾಳುಮೆಣಸು, ಏಲಕ್ಕಿ ಸಹ ಮೂಲತಃ ಅಲ್ಲಿನ ಕಾಡಿನವೇ.

ನಮ್ಮ ಪಶ್ಚಿಮ ಘಟ್ಟಗಳು ಗುಜರಾತಿನ ಗಡಿಯಿಂದ ಕನ್ಯಾಕುಮಾರಿಯ ಕಡೆಗೆ ಸುಮಾರು 1,600 ಕಿಲೋಮೀಟರ್ ಉದ್ದಕ್ಕೆ ಚಾಚಿವೆ. ಅಲ್ಲಿ ಹೂ ಬಿಡುವ ಸಸ್ಯಗಳೇ 7,000ಕ್ಕೂ ಹೆಚ್ಚು ಪ್ರಭೇದಗಳಿವೆ. ಅವುಗಳಲ್ಲಿ ಅನೇಕ ಸಸ್ಯಗಳು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆದ್ದರಿಂದಲೇ 2012ರಲ್ಲಿ ಯುನೆಸ್ಕೊ ಸಂಸ್ಥೆ ಈ ಘಟ್ಟಗಳ ಹಲವು ಭಾಗಗಳನ್ನು ವಿಶ್ವ ಪರಂಪರೆಯ ತಾಣವೆಂದು ಸಾರಿತು.

ದೂಳಿನಂಥ ಬೀಜ

ಸ್ವಾಮಿಯವರು ಮೊದಲು ಕೈ ಹಾಕಿದ್ದು ಆರ್ಕಿಡ್ ಗಿಡಗಳ ಅಧ್ಯಯನಕ್ಕೆ. ಮಲೆನಾಡಿನಲ್ಲಿ ಇವನ್ನು ಸೀತಾಳೆ ಎನ್ನುತ್ತಾರೆ. ಮರದ ಕೊಂಬೆಯ ಮೇಲೆ ಕುಳಿತು ಬೇರುಗಳನ್ನು ಗಾಳಿಯಲ್ಲಿ ಇಳಿಬಿಟ್ಟು ಬದುಕುವ ಗಿಡಗಳಿವು. ನಮ್ಮ ಕಡೆ ಮಾವಿನ ಮರದ ಮೇಲೆ ಬದನಿಕೆ ಬೆಳೆಯುವುದನ್ನು ನೀವು ಕಂಡಿದ್ದೀರಿ. ಆದರೆ ಬದನಿಕೆ ಮರದ ಒಳಗೆ ಬೇರು ತೂರಿಸಿ ಅದರ ರಸ ಹೀರುತ್ತದೆ. ಮರದ ಮೇಲಿನ ಆರ್ಕಿಡ್ ಹಾಗಲ್ಲ. ಅದಕ್ಕೆ ಮರ ಕೇವಲ ಕುಳಿತುಕೊಳ್ಳುವ ಕಟ್ಟೆ. ನೀರನ್ನು ಮಳೆಯಿಂದ, ಮಂಜಿನಿಂದ ಪಡೆಯುತ್ತದೆ.

ಆರ್ಕಿಡ್‌ನ ಬೀಜ ದೂಳಿನ ಕಣದಷ್ಟು ಸಣ್ಣದು. ಒಂದೇ ಕಾಯಿಯಲ್ಲಿ ಲಕ್ಷಗಟ್ಟಲೆ ಬೀಜಗಳಿರಬಹುದು. ಕಡಲೆಕಾಳನ್ನು ನೆನೆಹಾಕಿ ಬಿಡಿಸಿದರೆ ಒಳಗೆ ಎರಡು ದಪ್ಪ ಬೇಳೆ ಕಾಣುತ್ತವೆ, ಅಲ್ಲವೇ? ಅದು ಮೊಳಕೆಗೆ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಆರ್ಕಿಡ್ ಬೀಜಕ್ಕೆ ಇಂಥ ಬುತ್ತಿಯೇ ಇಲ್ಲ! ಅದು ಮೊಳೆಯಬೇಕಾದರೆ ಒಂದು ಬಗೆಯ ಶಿಲೀಂಧ್ರ ಅದರ ಜೊತೆ ಸೇರಿ ಆಹಾರ ಒದಗಿಸಬೇಕು. ಮಳೆಕಾಡಿನಲ್ಲಿ ಒಂದು ಜೀವ ಇನ್ನೊಂದನ್ನು ಹೇಗೆ ಅವಲಂಬಿಸಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ? ಕಾಡು ಕಡಿದರೆ ಮರ ಹೋಗುತ್ತದೆ. ಮರದೊಂದಿಗೆ ಆರ್ಕಿಡ್ ಹೋಗುತ್ತದೆ. ತೇವವಾದ ತೊಗಟೆಯೊಂದಿಗೆ ಶಿಲೀಂಧ್ರವೂ ಹೋಗುತ್ತದೆ. ಆಮೇಲೆ ಗಾಳಿಯಲ್ಲಿ ಎಷ್ಟು ಬೀಜ ಹಾರಿದರೂ ಮೊಳೆಯಲಾರವು.

ಇಂಥ ಸಣ್ಣ ಬೀಜದ ಒಳಗೆ ಭ್ರೂಣ ಹೇಗೆ ರೂಪುಗೊಳ್ಳುತ್ತದೆ? ಇದು ಸ್ವಾಮಿಯವರ ಪ್ರಶ್ನೆ. ಇದನ್ನು ಬರಿಗಣ್ಣಿನಿಂದ ನೋಡಲಾಗದು. ಹೂವಿನ ಎಳೆಯ ಭಾಗವನ್ನು ಮೇಣದಲ್ಲಿ ಹುದುಗಿಸಬೇಕು. ಮೈಕ್ರೋಟೋಮ್ ಎಂಬ ಉಪಕರಣದಿಂದ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ತೆಳುವಾಗಿ ಹೆರೆಯಬೇಕು. ಆ ಹೆರಕಲುಗಳಿಗೆ ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಕೂರಿಸಿ, ಒಂದೊಂದನ್ನೂ ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರ ಬರೆಯಬೇಕು. ಒಂದು ಹೆರಕಲು ಹರಿದರೆ ಮತ್ತೆ ಮೊದಲಿನಿಂದ ಆರಂಭ. ಇಂಥ ತಾಳ್ಮೆಯ ಕೆಲಸದಲ್ಲಿ ಸ್ವಾಮಿ ಪಳಗಿದರು. ಆರ್ಕಿಡ್‌ಗಳ ಭ್ರೂಣವಿಜ್ಞಾನದ ಬಗ್ಗೆ ಅವರು ಬರೆದ ಸಂಶೋಧನಾ ಲೇಖನಗಳು ದೇಶ ವಿದೇಶಗಳ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟವಾದವು.

ನೀರಿನ ಕೊಳವೆ ಇಲ್ಲದ ಗಿಡ

1940ರ ದಶಕದ ಕೊನೆಯಲ್ಲಿ ಸ್ವಾಮಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಇರ್ವಿಂಗ್ ಬೈಲಿ ಎಂಬ ಹಿರಿಯ ವಿಜ್ಞಾನಿ ಇದ್ದರು. ಮರದ ಒಳರಚನೆಯನ್ನು ಅವರಷ್ಟು ಬಲ್ಲವರು ಆ ಕಾಲದಲ್ಲಿ ವಿರಳ. ಅವರೊಡನೆ ಸ್ವಾಮಿ ಒಂದು ದೊಡ್ಡ ಪ್ರಶ್ನೆಯ ಬೆನ್ನು ಹತ್ತಿದರು. ಭೂಮಿಯ ಮೇಲಿನ ಮೊದಲ ಹೂಗಿಡಗಳು ಹೇಗಿದ್ದವು?

ಮಕ್ಕಳೇ, ಇಂದು ಜಗತ್ತಿನಲ್ಲಿ ಹೂ ಬಿಡುವ ಸಸ್ಯಗಳು ಸುಮಾರು ಮೂರು ಲಕ್ಷ ಪ್ರಭೇದಗಳಿವೆ. ಜೋಳ, ಭತ್ತ, ಹತ್ತಿ, ತೊಗರಿ, ಬೇವು, ಮಾವು ಎಲ್ಲವೂ ಈ ಬಳಗದವೇ. ಇವೆಲ್ಲಕ್ಕೂ ಕೋಟ್ಯಂತರ ವರ್ಷಗಳ ಹಿಂದೆ ಒಂದು ಮೂಲ ವಂಶವಿತ್ತು. ಆ ಪೂರ್ವಜ ಇಂದು ಇಲ್ಲ. ಆದರೆ ಅದರ ಹಳೆಯ ಲಕ್ಷಣಗಳನ್ನು ಉಳಿಸಿಕೊಂಡ ಕೆಲವು ಸಸ್ಯಗಳು ದೂರದ ಮಳೆಕಾಡುಗಳಲ್ಲಿ ಇನ್ನೂ ಇರಬಹುದಲ್ಲವೇ? ಅವನ್ನು ಗುರುತಿಸುವುದು ಹೇಗೆ?

ಅದಕ್ಕೊಂದು ಗುರುತು ಕಾಂಡದ ನೀರಿನ ಕೊಳವೆ. ಬೇರು ಹೀರಿದ ನೀರು ಎಲೆಗೆ ಏರಬೇಕು. ಬಹುತೇಕ ಹೂಗಿಡಗಳಲ್ಲಿ ಇದಕ್ಕಾಗಿ ಉದ್ದನೆಯ ಕೊಳವೆಗಳಿವೆ. ಸಣ್ಣ ಸಣ್ಣ ಕೋಶಗಳು ಒಂದರ ಮೇಲೊಂದು ನಿಂತು, ನಡುವಿನ ಗೋಡೆ ಕರಗಿ ತೂತಾಗಿ, ಕೊಳವೆ ಆಗುತ್ತದೆ. ನಿಮ್ಮೂರಿನ ನೀರಿನ ಪೈಪುಗಳನ್ನು ಜೋಡಿಸಿದಂತೆ ಎನ್ನಿ. ಆದರೆ ದೇವದಾರು, ಪೈನ್ ಮುಂತಾದ ಹೂ ಬಿಡದ ಮರಗಳಲ್ಲಿ ಇಂಥ ತೆರೆದ ಕೊಳವೆ ಇಲ್ಲ. ಅಲ್ಲಿನ ಕೋಶಗಳ ಎರಡೂ ತುದಿ ಮುಚ್ಚಿರುತ್ತವೆ. ಪಕ್ಕದ ಸಣ್ಣ ಕಿಂಡಿಗಳ ಮೂಲಕ ನೀರು ಒಂದು ಕೋಶದಿಂದ ಇನ್ನೊಂದಕ್ಕೆ ನಿಧಾನವಾಗಿ ಸಾಗುತ್ತದೆ. ಹೂ ಬಿಡುವ ಗಿಡವೊಂದರಲ್ಲಿ ತೆರೆದ ಕೊಳವೆ ಇಲ್ಲವೆಂದರೆ ಅದು ತುಂಬ ಹಳೆಯ ಲಕ್ಷಣ ಇರಬಹುದು ಎಂದು ಬೈಲಿಯವರ ವಿಚಾರ.

ಆಸ್ಟ್ರೇಲಿಯದ ಪೂರ್ವಕ್ಕೆ ಪೆಸಿಫಿಕ್ ಸಾಗರದಲ್ಲಿ ನ್ಯೂ ಕ್ಯಾಲೆಡೋನಿಯ ಎಂಬ ದ್ವೀಪವಿದೆ. ಅಲ್ಲಿನ ತೇವದ ಕಾಡಿನ ನೆರಳಿನಲ್ಲಿ ಅಂಬೊರೆಲ್ಲ ಎಂಬ ಸಣ್ಣ ಗಿಡ ಬೆಳೆಯುತ್ತದೆ. ಜಗತ್ತಿನ ಬೇರೆ ಯಾವ ಕಾಡಿನಲ್ಲೂ ಅದಿಲ್ಲ. ಹೂವು ಪುಟ್ಟದು, ಕೆನೆ ಬಣ್ಣದ್ದು. ನೋಡಿದರೆ ಯಾರೂ ನಿಂತು ನೋಡುವಂಥ ಗಿಡವಲ್ಲ. ಬೈಲಿ ಮತ್ತು ಸ್ವಾಮಿ ಅದರ ಕಾಂಡವನ್ನು, ಹೂವನ್ನು ತೆಳುವಾಗಿ ಹೆರೆದು ಪರಿಶೀಲಿಸಿದರು. ತೆರೆದ ಕೊಳವೆ ಒಂದೂ ಸಿಗಲಿಲ್ಲ! 1948ರಲ್ಲಿ ಅವರು ಈ ವಿಷಯವನ್ನು ಪ್ರಕಟಿಸಿದರು. ಅಂಬೊರೆಲ್ಲ ಬೇರೆಲ್ಲ ಗಿಡಗಳಿಗಿಂತ ಭಿನ್ನವಾದ ಒಂದು ಹೊಸ ಮಾದರಿ ಎಂದು ತೋರಿಸಿದರು. ಆಗ ಸ್ವಾಮಿಯವರಿಗೆ ಮೂವತ್ತು ವರ್ಷ.

ಈ ಕಥೆ ಇಲ್ಲಿಗೆ ಮುಗಿಯಲಿಲ್ಲ. ಐವತ್ತು ವರ್ಷಗಳ ನಂತರ ವಿಜ್ಞಾನಿಗಳ ಕೈಗೆ ಹೊಸ ಸಾಧನ ಬಂತು. ಅದು ಡಿ.ಎನ್.ಎ. ಹೋಲಿಕೆ. ಜೀವಕೋಶದ ಒಳಗಿನ ಈ ಅಣುವನ್ನು ಹೋಲಿಸಿದರೆ ಯಾವ ಗಿಡ ಯಾವುದಕ್ಕೆ ಹತ್ತಿರದ ಬಂಧು ಎಂದು ತಿಳಿಯಬಹುದು. 1999ರಲ್ಲಿ ಹಲವು ತಂಡಗಳು ಹೀಗೆ ಪರೀಕ್ಷಿಸಿದಾಗ ಹೂಗಿಡಗಳ ವಂಶವೃಕ್ಷದಲ್ಲಿ ಎಲ್ಲಕ್ಕಿಂತ ಮೊದಲು ಕವಲೊಡೆದದ್ದು ಅಂಬೊರೆಲ್ಲದ ವಂಶ ಎಂದು ಕಂಡುಬಂತು. 2013ರಲ್ಲಿ ಅದರ ಸಂಪೂರ್ಣ ಜೀನೋಮನ್ನು ಓದಿ ಪ್ರಕಟಿಸಲಾಯಿತು. ಇಂದು ಬಹುತೇಕ ಸಸ್ಯವಿಜ್ಞಾನಿಗಳು ಇದನ್ನು ಒಪ್ಪುತ್ತಾರೆ. ಅಂಬೊರೆಲ್ಲದ ವಂಶ ಉಳಿದೆಲ್ಲ ಹೂಗಿಡಗಳಿಂದ ಬೇರೆಯಾಗಿ 13 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಆ ಒಂದು ದ್ವೀಪದ ಕಾಡು ಯಾವಾಗಲೋ ಸುಟ್ಟುಹೋಗಿದ್ದರೆ ಈ ಕಥೆಯ ಮೊದಲ ಪುಟವೇ ನಮಗೆ ಸಿಗುತ್ತಿರಲಿಲ್ಲ.

ಮಡಚಿದ ಎಲೆ

ತೊಗರಿ ಕಾಯಿಯನ್ನು ಕೈಯಲ್ಲಿ ಹಿಡಿದು ನೋಡಿ. ಒಂದು ಅಂಚಿನಲ್ಲಿ ಹೊಲಿಗೆ ಹಾಕಿದಂಥ ಗೆರೆ ಇದೆ. ಅಲ್ಲಿ ಒತ್ತಿದರೆ ಕಾಯಿ ಬಿಚ್ಚಿಕೊಳ್ಳುತ್ತದೆ. ಕಾಳುಗಳು ಆ ಅಂಚಿಗೇ ಅಂಟಿಕೊಂಡಿರುತ್ತವೆ. ಒಂದು ಎಲೆಯನ್ನು ಉದ್ದಕ್ಕೆ ಮಡಚಿ ಎರಡು ಅಂಚುಗಳನ್ನು ಹೊಲಿದರೆ ಹೇಗಿರುತ್ತದೆಯೋ ಹಾಗಿದೆ, ಅಲ್ಲವೇ?

ಫಿಜಿ ದ್ವೀಪಗಳ ಮಳೆಕಾಡಿನಲ್ಲಿ ಡಿಜೆನೇರಿಯ ಎಂಬ ಮರವಿದೆ. 1942ರಲ್ಲಷ್ಟೇ ಅದಕ್ಕೆ ವಿಜ್ಞಾನದಲ್ಲಿ ಹೆಸರು ಬಂತು. ಸ್ವಾಮಿ ಅದರ ಹೂವನ್ನು ಪರಿಶೀಲಿಸಿ 1949ರಲ್ಲಿ ಲೇಖನ ಬರೆದರು. ಅದರ ಹೂ ಅರಳಿದಾಗ ಬೀಜಕೋಶದ ಅಂಚುಗಳು ಪೂರ್ತಿ ಹೊಲಿದುಕೊಂಡಿರುವುದಿಲ್ಲ. ಮಡಚಿದ ಎಲೆಯ ಅಂಚು ಇನ್ನೂ ತೆರೆದೇ ಇರುತ್ತದೆ! 1951ರಲ್ಲಿ ಬೈಲಿ ಮತ್ತು ಸ್ವಾಮಿ ಸೇರಿ ಒಂದು ವಿಚಾರ ಮಂಡಿಸಿದರು. ಇಂದಿನ ಹೂಗಳ ಮುಚ್ಚಿದ ಅಂಡಾಶಯ ಇಂಥ ಮಡಚಿದ, ಅಂಚು ತೆರೆದ ರಚನೆಯಿಂದ ಹಂತ ಹಂತವಾಗಿ ಬೆಳೆದು ಬಂದಿರಬೇಕು ಎಂಬುದು ಆ ವಿಚಾರ. ಹೂವಿನ ವಿಕಾಸವನ್ನು ಓದುವವರು ಇಂದಿಗೂ ಈ ಲೇಖನವನ್ನು ನೆನೆಯುತ್ತಾರೆ.

ವಿಜ್ಞಾನ ತನ್ನನ್ನು ತಾನೇ ತಿದ್ದಿಕೊಳ್ಳುತ್ತದೆ

ನಮ್ಮ ದಕ್ಷಿಣ ಘಟ್ಟಗಳ ತಂಪು ಕಾಡಿನ ನೆರಳಿನಲ್ಲಿ ಸಾರ್ಕಾಂಡ್ರ ಎಂಬ ಪೊದೆಗಿಡವಿದೆ. 1950ರಲ್ಲಿ ಸ್ವಾಮಿ ಮತ್ತು ಬೈಲಿ ಇದರ ಕಾಂಡದಲ್ಲೂ ತೆರೆದ ಕೊಳವೆಗಳಿಲ್ಲ ಎಂದು ಬರೆದರು. ಮುಂದೆ 1987ರಲ್ಲಿ ಅಮೆರಿಕದ ಶೆರ್ವಿನ್ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಇದೇ ಗಿಡದ ಬೇರನ್ನು ಪರೀಕ್ಷಿಸಿದರು. ಅಲ್ಲಿ ಕೊಳವೆಗಳು ಕಂಡವು! ಅಂದರೆ ಸಾರ್ಕಾಂಡ್ರವನ್ನು ಕೊಳವೆಯೇ ಇಲ್ಲದ ಗಿಡ ಎಂದು ಹೇಳುವಂತಿಲ್ಲ.

ಹಾಗಾದರೆ ಮೊದಲಿನವರ ಶ್ರಮ ದಂಡವಾಯಿತೆ? ಇಲ್ಲ. ಅವರು ಏನನ್ನು ನೋಡಿದರು, ಹೇಗೆ ನೋಡಿದರು ಎಂಬುದನ್ನು ಸ್ಪಷ್ಟವಾಗಿ ಬರೆದಿಟ್ಟಿದ್ದರಿಂದಲೇ ನಂತರದವರು ಇನ್ನೊಂದು ಭಾಗವನ್ನು ನೋಡಲು ಸಾಧ್ಯವಾಯಿತು. ದೊಡ್ಡವರು ಹೇಳಿದರು ಎಂಬ ಕಾರಣಕ್ಕೆ ವಿಜ್ಞಾನದಲ್ಲಿ ಯಾವ ಮಾತೂ ಕೊನೆಯ ಮಾತಾಗುವುದಿಲ್ಲ. ಈ ಪಾಠವನ್ನು ನೀವೂ ನೆನಪಿಡಿ.

ಸ್ವಾಮಿ ಹೊಸ ಸಸ್ಯಗಳನ್ನೂ ಗುರುತಿಸಿ ಹೆಸರಿಟ್ಟರು. ಸಾರ್ಕಾಂಡ್ರದ ಒಂದು ಪ್ರಭೇದಕ್ಕೆ ತಮ್ಮ ಗುರು ಬೈಲಿಯವರ ಹೆಸರನ್ನು ಸೇರಿಸಿ ‘ಸಾರ್ಕಾಂಡ್ರ ಇರ್ವಿಂಗ್‌ಬೈಲೆಯಿ’ ಎಂದು ಕರೆದರು. ಇನ್ನೊಂದಕ್ಕೆ ಭಾರತದ ಹೆಸರಾಂತ ಭ್ರೂಣವಿಜ್ಞಾನಿ ಪಂಚಾನನ ಮಹೇಶ್ವರಿಯವರ ನೆನಪಿಗೆ ‘ಅಸ್ಕರೈನ ಮಹೇಶ್ವರಿಯೈ’ ಎಂದು ಹೆಸರಿಟ್ಟರು. ಹೊಸ ಗಿಡ ಕಂಡರೆ ಅದಕ್ಕೆ ತನ್ನ ಹೆಸರನ್ನೇ ಇಟ್ಟುಕೊಳ್ಳುವುದು ಸಸ್ಯವಿಜ್ಞಾನಿಗಳ ಪದ್ಧತಿಯಲ್ಲ. ಗೌರವಕ್ಕೆ ಅರ್ಹರಾದ ಇನ್ನೊಬ್ಬರ ಹೆಸರಿಡುತ್ತಾರೆ.

ಕಾಡೇ ತರಗತಿ

ತಾಯ್ನಾಡಿಗೆ ಮರಳಿದ ಸ್ವಾಮಿ 1950ರ ದಶಕದಲ್ಲಿ ಮದರಾಸಿನ, ಎಂದರೆ ಇಂದಿನ ಚೆನ್ನೈನ ಪ್ರೆಸಿಡೆನ್ಸಿ ಕಾಲೇಜು ಸೇರಿದರು. ಸಸ್ಯಶಾಸ್ತ್ರದ ಪ್ರಾಧ್ಯಾಪಕರಾದರು, ವಿಭಾಗದ ಮುಖ್ಯಸ್ಥರಾದರು, ಕಾಲೇಜಿನ ಪ್ರಾಂಶುಪಾಲರೂ ಆದರು. ಆದರೆ ಅವರಿಗೆ ಕುರ್ಚಿಗಿಂತ ಕಾಡು ಹೆಚ್ಚು ಪ್ರಿಯವಾಗಿತ್ತು. ವಿದ್ಯಾರ್ಥಿಗಳನ್ನು ಕರೆದುಕೊಂಡು ಘಟ್ಟಗಳ ಕಾಡು ಸುತ್ತುತ್ತಿದ್ದರು.

ಈ ಅಲೆದಾಟದ ಫಲವೇ ‘ಹಸುರು ಹೊನ್ನು’ ಎಂಬ ಪುಸ್ತಕ. ಇದು 1976ರಲ್ಲಿ ಪ್ರಕಟವಾಯಿತು. ಮೇಷ್ಟ್ರು ಮತ್ತು ವಿದ್ಯಾರ್ಥಿಗಳು ಕಾಡಿನಲ್ಲಿ ನಡೆಯುತ್ತ ಹೋಗುವುದು, ದಾರಿಯಲ್ಲಿ ಸಿಗುವ ಗಿಡಗಳನ್ನು ಗುರುತಿಸುವುದು, ಅವುಗಳ ಹೆಸರು, ಬಳಗ, ಉಪಯೋಗಗಳನ್ನು ಚರ್ಚಿಸುವುದು, ನಡುನಡುವೆ ತಮಾಷೆ, ಪೇಚಾಟ, ನಗು. ಪುಸ್ತಕದ ಗಿಡಗಳ ಚಿತ್ರಗಳನ್ನು ಸ್ವಾಮಿಯವರೇ ಬರೆದಿದ್ದಾರೆ. ಪಾಠದಂತೆ ಕಾಣದ ಪಾಠ ಅದು. ಅದನ್ನು ಓದಿ ಸಸ್ಯಶಾಸ್ತ್ರ ಕಲಿಯದವರೂ ಗಿಡಗಳನ್ನು ಪ್ರೀತಿಸಲು ಕಲಿತರು. 1978ರಲ್ಲಿ ಈ ಪುಸ್ತಕಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಂದೆ ಡಿ.ವಿ.ಜಿ.ಯವರಿಗೂ 1967ರಲ್ಲಿ ಇದೇ ಪ್ರಶಸ್ತಿ ಬಂದಿತ್ತು. ತಂದೆಗೆ ಭಗವದ್ಗೀತೆಯ ಕುರಿತ ಗ್ರಂಥಕ್ಕೆ, ಮಗನಿಗೆ ಗಿಡಮರಗಳ ಕುರಿತ ಪುಸ್ತಕಕ್ಕೆ! ಮಗನ ಪುಸ್ತಕವನ್ನು ನೋಡಲು ತಂದೆ ಇರಲಿಲ್ಲ. ಡಿ.ವಿ.ಜಿ. 1975ರಲ್ಲಿ ತೀರಿಕೊಂಡಿದ್ದರು.

ಹಾರ್ವರ್ಡ್‌ನಲ್ಲಿ ಕೆಲಸ ಮಾಡಿದವರು, ವಿದೇಶಿ ಪತ್ರಿಕೆಗಳಲ್ಲಿ ಇಂಗ್ಲಿಷಿನಲ್ಲಿ ಬರೆದವರು ಕನ್ನಡದಲ್ಲಿ ಏಕೆ ಬರೆದರು? ಸಂಶೋಧನಾ ಲೇಖನವನ್ನು ಓದುವವರು ಕೆಲವೇ ಜನ. ಕನ್ನಡದಲ್ಲಿ ಬರೆದರೆ ಸಿಂಧನೂರಿನ ಒಬ್ಬ ಹುಡುಗಿಯೂ ಓದಬಹುದು. ಅಷ್ಟೇ ಅಲ್ಲ, ಊರಿನ ಜನ ಗಿಡಕ್ಕೆ ಇಟ್ಟ ಹೆಸರಿನಲ್ಲಿ ತಲೆಮಾರುಗಳ ಅನುಭವ ಅಡಗಿದೆ. ಆ ಹೆಸರು ಮರೆತರೆ ಅನುಭವವೂ ಮರೆಯುತ್ತದೆ.

ನಮ್ಮ ಊಟದ ತಟ್ಟೆಯಲ್ಲಿ ಯಾರಿದ್ದಾರೆ?

ಸ್ವಾಮಿಯವರ ಇನ್ನೊಂದು ಪುಸ್ತಕದ ಹೆಸರು ಕೇಳಿದರೆ ನಿಮಗೆ ನಗು ಬರುತ್ತದೆ. ಅದು ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’! ಇದು ನಾವು ತಿನ್ನುವ ಕಾಯಿಪಲ್ಯ, ಹಣ್ಣುಗಳ ಮೂಲವನ್ನು ಹೇಳುವ ಪುಸ್ತಕ.

ನಿಮ್ಮ ತಟ್ಟೆಯನ್ನೇ ನೋಡಿ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯ. ಸಂಜೆ ಸಂತೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಭಜಿ. ಎಲ್ಲವೂ ನಮ್ಮವೇ ಎನಿಸುತ್ತದೆ. ಆದರೆ ಶೇಂಗಾ ದಕ್ಷಿಣ ಅಮೆರಿಕದ್ದು. ಮೆಣಸಿನಕಾಯಿ ಅಮೆರಿಕ ಖಂಡದ್ದು. ಟೊಮೇಟೊ, ಆಲೂಗಡ್ಡೆ, ಪೇರಲ, ಪಪ್ಪಾಯಿ, ಗೋಡಂಬಿ, ಅನಾನಸ್ ಎಲ್ಲವೂ ಅಲ್ಲಿಂದಲೇ ಬಂದವು. 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಆಮೇಲೆ ಪೋರ್ಚುಗೀಸರ ಹಡಗುಗಳಲ್ಲಿ ಇವುಗಳಲ್ಲಿ ಹಲವು ನಮ್ಮ ತೀರಕ್ಕೆ ಬಂದಿಳಿದವು. ಅದಕ್ಕೂ ಮೊದಲು ನಮ್ಮ ಅಡುಗೆಯ ಖಾರ ಮಲೆನಾಡಿನ ಕಾಳುಮೆಣಸಿನದು. ಜೋಳ ಸಹ ಬಹಳ ಹಿಂದೆ ಆಫ್ರಿಕದಿಂದ ಬಂದದ್ದು. ಬದನೆಕಾಯಿ ಮತ್ತು ತೊಗರಿ ಮಾತ್ರ ನಮ್ಮ ಕಡೆಯವೇ.

ತಟ್ಟೆಯಲ್ಲಿ ಮಾತ್ರವಲ್ಲ, ಹೊಲದ ಬದುವಿನಲ್ಲೂ ಅಮೆರಿಕವಿದೆ. ಬಳ್ಳಾರಿ ಜಾಲಿ, ಕಾಂಗ್ರೆಸ್ ಕಸ ಎರಡೂ ಅಲ್ಲಿಂದಲೇ ಬಂದವು. ಬಂದ ಗಿಡಗಳೆಲ್ಲ ಒಂದೇ ಬಗೆಯಲ್ಲ. ಕೆಲವು ಹೊಟ್ಟೆ ತುಂಬಿಸಿದವು, ಕೆಲವು ಹೊಲಕ್ಕೆ ಕಳೆಯಾದವು.

ಸ್ವಾಮಿಯವರ ಆಸಕ್ತಿಗೆ ಎಲ್ಲೆ ಇರಲಿಲ್ಲ. ಹಳೆಯ ಕಲ್ಲುಬರಹಗಳಲ್ಲಿ ಬರುವ ಸಸ್ಯಗಳ ಹೆಸರನ್ನೂ ಹುಡುಕಿ ‘ಶಾಸನಗಳಲ್ಲಿ ಗಿಡಮರಗಳು’ ಎಂಬ ಪುಸ್ತಕ ಬರೆದರು. ಮಸ್ಕಿಯ ಮಕ್ಕಳೇ, ನಿಮ್ಮೂರಿನ ಬೆಟ್ಟದ ಅಶೋಕನ ಶಾಸನ ನಿಮಗೆ ಗೊತ್ತು. 1915ರಲ್ಲಿ ಅದು ಪತ್ತೆಯಾದಾಗ ಅಶೋಕ ಎಂಬ ಹೆಸರು ಅದರಲ್ಲಿ ಸಿಕ್ಕಿತು ಎಂದು ಓದಿದ್ದೀರಿ. ಅದೇ ಅಶೋಕ ಬೇರೆ ಶಾಸನಗಳಲ್ಲಿ ದಾರಿಯ ಬದಿಗೆ ಆಲದ ಮರ ನೆಡಿಸಿದ್ದನ್ನು, ಔಷಧಿ ಗಿಡಗಳನ್ನು ತರಿಸಿ ಬೆಳೆಸಿದ್ದನ್ನು ಕೆತ್ತಿಸಿದ್ದಾನೆ. ಕಲ್ಲಿನಲ್ಲಿ ರಾಜರ ಹೆಸರನ್ನು ಮಾತ್ರ ಹುಡುಕದೆ ಗಿಡದ ಹೆಸರನ್ನೂ ಹುಡುಕಬಹುದು ಎಂದು ತೋರಿಸಿದವರು ಸ್ವಾಮಿ.

ಆ ಕಾಡಿಗೂ ನಮ್ಮ ಕಾಲುವೆಗೂ ಏನು ನಂಟು?

ಮಳೆಕಾಡು ದೂರದಲ್ಲಿದೆ, ನಮಗೇನು ಎಂದು ನೀವು ಕೇಳಬಹುದು. ಸಿಂಧನೂರಿನ ಭತ್ತದ ಗದ್ದೆಗೆ ನೀರು ಎಲ್ಲಿಂದ ಬರುತ್ತದೆ? ತುಂಗಭದ್ರಾ ಎಡದಂಡೆ ಕಾಲುವೆಯಿಂದ. ಕಾಲುವೆಗೆ? ಹೊಸಪೇಟೆ ಬಳಿಯ ಜಲಾಶಯದಿಂದ. ಜಲಾಶಯಕ್ಕೆ? ತುಂಗಾ ಮತ್ತು ಭದ್ರಾ ನದಿಗಳಿಂದ. ಅವೆರಡೂ ಹುಟ್ಟುವುದು ಕುದುರೆಮುಖದ ಸೀಮೆಯ ಗಂಗಾಮೂಲದಲ್ಲಿ, ಘಟ್ಟದ ಹುಲ್ಲುಗಾವಲು ಮತ್ತು ಕಾಡುಗಳ ನಡುವೆ. ಲಿಂಗಸುಗೂರಿನ ಕಡೆ ಹರಿಯುವ ಕೃಷ್ಣೆಯೂ ಹುಟ್ಟುವುದು ಇದೇ ಘಟ್ಟಸಾಲಿನ ಮಹಾಬಲೇಶ್ವರದಲ್ಲಿ. ಗದ್ದೆ ನಮ್ಮದಾದರೂ ನೀರಿನ ತವರು ಆ ಕಾಡೇ!

ಕಾಡಿನ ಎಲೆ, ಬೇರು, ಕೊಳೆತ ಕಸ ಮಳೆಯ ಹೊಡೆತವನ್ನು ತಡೆದು ನೀರನ್ನು ನಿಧಾನವಾಗಿ ನೆಲಕ್ಕೆ ಇಳಿಸುತ್ತವೆ. ಮಣ್ಣು ಕೊಚ್ಚಿ ಹೋಗುವುದಿಲ್ಲ. ನೆಲ ಬರಿದಾದರೆ ನೀರಿನ ಜೊತೆ ಹೂಳೂ ಬರುತ್ತದೆ. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರಲ್ಲಿ ಸುಮಾರು 133 ಟಿ.ಎಂ.ಸಿ. ನೀರು ಹಿಡಿಯುತ್ತಿತ್ತು. ಹೂಳು ತುಂಬಿ ಈಗ ಸುಮಾರು 105 ಟಿ.ಎಂ.ಸಿ.ಗೆ ಇಳಿದಿದೆ. ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರು ಸಾಲದು ಎಂಬ ಮಾತನ್ನು ನೀವು ಮನೆಯಲ್ಲಿ ಕೇಳಿರಬಹುದು. ಕುದುರೆಮುಖದ ಕಬ್ಬಿಣದ ಅದಿರಿನ ಗಣಿಗಾರಿಕೆ ನ್ಯಾಯಾಲಯದ ಆದೇಶದಂತೆ 2005ರ ಕೊನೆಯಲ್ಲಿ ನಿಂತಿತು. ಕಾಡು ಉಳಿಸುವ ಪ್ರಶ್ನೆ ಮಲೆನಾಡಿನವರದ್ದು ಮಾತ್ರವಲ್ಲ, ನಮ್ಮದೂ ಹೌದು.

ಬಿ.ಜಿ.ಎಲ್. ಸ್ವಾಮಿ 1980ರ ನವೆಂಬರ್ 2ರಂದು ನಿಧನರಾದರು. ಆಗ ಅವರಿಗೆ 62 ವರ್ಷ. ಅವರು ಹೆರೆದು ನೋಡಿದ ಅಂಬೊರೆಲ್ಲ ಎಲ್ಲ ಹೂಗಿಡಗಳ ವಂಶವೃಕ್ಷದ ಬುಡದಲ್ಲಿ ನಿಂತಿದೆ ಎಂಬ ಸುದ್ದಿಯನ್ನು ಕೇಳಲು ಅವರಿರಲಿಲ್ಲ. ಆದರೆ ಅವರ ಪುಸ್ತಕಗಳು ಇನ್ನೂ ಮುದ್ರಣವಾಗುತ್ತಿವೆ. ನಿಮ್ಮ ಶಾಲೆಯ ಅಥವಾ ಊರಿನ ಗ್ರಂಥಾಲಯದಲ್ಲಿ ಕೇಳಿ ನೋಡಿ. ಕೆಲವು ಪುಟಗಳು ಈಗ ಕಷ್ಟವೆನಿಸಿದರೆ ಬಿಡಿ, ಪ್ರೌಢಶಾಲೆಗೆ ಹೋದ ಮೇಲೆ ಮತ್ತೆ ಓದಿ.

ಮಾಡಿ ನೋಡಿ

1. ಎಳೆಯ ಜೋಳದ ದಂಟನ್ನು ಶಿಕ್ಷಕರ ಸಹಾಯದಿಂದ ಅಡ್ಡ ಕತ್ತರಿಸಿ. ಕತ್ತರಿಸಿದ ಮೇಲ್ಮೈಯಲ್ಲಿ ಚುಕ್ಕೆಗಳು ಕಾಣುತ್ತವೆಯೆ? ಒಂದೊಂದು ಚುಕ್ಕೆಯೂ ಕೊಳವೆಗಳ ಕಟ್ಟು. ಇನ್ನೊಂದು ದಂಟನ್ನು ಕೆಂಪು ಶಾಯಿ ಬೆರೆಸಿದ ನೀರಿನಲ್ಲಿ ಒಂದು ದಿನ ಇಟ್ಟು ಕತ್ತರಿಸಿ. ಬಣ್ಣ ಎಲ್ಲಿ ಏರಿದೆ ಎಂದು ಚಿತ್ರ ಬರೆಯಿರಿ.

2. ನಾಲ್ಕು ಜನರ ಗುಂಪು ಮಾಡಿಕೊಳ್ಳಿ. ಶಾಲೆಯ ಆವರಣ, ಹಳ್ಳದ ದಂಡೆ, ಹೊಲದ ಬದು ಈ ಮೂರು ಕಡೆ ಕಾಣುವ ಗಿಡಗಳ ಪಟ್ಟಿ ಮಾಡಿ. ಪ್ರತಿ ಗಿಡಕ್ಕೆ ನಿಮ್ಮೂರಿನ ಹೆಸರು, ಹೂವಿನ ಬಣ್ಣ, ಹೂ ಬಿಡುವ ತಿಂಗಳು, ಉಪಯೋಗ ಬರೆಯಿರಿ. ಹೆಸರು ಗೊತ್ತಿಲ್ಲದಿದ್ದರೆ ಅಜ್ಜಿಯನ್ನು, ಕುರಿ ಕಾಯುವವರನ್ನು ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ನಿಮ್ಮ ಪಟ್ಟಿಯನ್ನು ಶಿಕ್ಷಕರ ಮೂಲಕ ಪಂಚಾಯಿತಿಗೆ ತೋರಿಸಿ.

3. ಒಂದು ವಾರ ಮನೆಯಲ್ಲಿ ಉಂಡ ಪದಾರ್ಥಗಳನ್ನು ಬರೆದಿಡಿ. ಅವುಗಳಲ್ಲಿ ಯಾವುದು ನಮ್ಮ ನಾಡಿನದು, ಯಾವುದು ಹೊರಗಿನಿಂದ ಬಂದದ್ದು ಎಂದು ಎರಡು ಗುಂಪು ಮಾಡಿ.

ಯೋಚಿಸಿ ಉತ್ತರಿಸಿ

ಬದನಿಕೆಗೂ ಮರದ ಮೇಲಿನ ಆರ್ಕಿಡ್‌ಗೂ ಇರುವ ವ್ಯತ್ಯಾಸವೇನು? ಆರ್ಕಿಡ್ ಬೀಜಕ್ಕೆ ಶಿಲೀಂಧ್ರದ ನೆರವು ಏಕೆ ಬೇಕು? ಸಾರ್ಕಾಂಡ್ರದ ಬಗ್ಗೆ 1950ರ ತೀರ್ಮಾನ 1987ರಲ್ಲಿ ಬದಲಾದದ್ದು ಹೇಗೆ? ಕುದುರೆಮುಖದ ಕಾಡಿಗೂ ನಿಮ್ಮೂರಿನ ಗದ್ದೆಗೂ ಇರುವ ನಂಟನ್ನು ಒಂದು ನಕ್ಷೆಯಲ್ಲಿ ತೋರಿಸಬಲ್ಲಿರಾ?